ನ್ಯೂಕ್ಯಾಸಲ್‌ನ ಹದಿನಾಲ್ಕು ವರ್ಷ: ಮಾಲೀಕ, ಮ್ಯಾನೇಜರ್ ಮತ್ತು ಬೇಸತ್ತ ಅಭಿಮಾನಿ

ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ ಫುಟ್‌ಬಾಲ್ ಕ್ಲಬ್‌ಗೆ 2007ರಿಂದ 2021ರವರೆಗೆ ಮೈಕ್ ಆ್ಯಶ್ಲಿ ಮಾಲೀಕರಾಗಿದ್ದರು. ಮೊದಲ ಒಂದು ವರ್ಷ ಬಿಟ್ಟರೆ ಉಳಿದ ಅಷ್ಟೂ ಕಾಲ ಕ್ಲಬ್‌ನ ಅಭಿಮಾನಿಗಳು ಅವರ ಮೇಲೆ ಮುನಿಸಿಕೊಂಡೇ ಇದ್ದರು. ನಡುನಡುವೆ ಆ ಸಿಟ್ಟು ತಂಡದ ಮ್ಯಾನೇಜರ್‌ಗಳತ್ತಲೂ ತಿರುಗಿತು. ತಂಡ ಸೋತಾಗ ಬೈಯುವ ಅಭಿಮಾನಿಗಳು ಎಲ್ಲ ಊರಲ್ಲೂ ಇರುತ್ತಾರೆ. ನ್ಯೂಕ್ಯಾಸಲ್‌ನ ಜನ ಮಾತ್ರ ಸೋಲನ್ನು ಸಹಿಸಿ ಪಳಗಿದವರು. ದೇಶದ ದೊಡ್ಡ ಕಪ್ ಒಂದನ್ನು ತಮ್ಮ ತಂಡ ಕೊನೆಯ ಬಾರಿ ಗೆದ್ದದ್ದು 1955ರಲ್ಲಿ ಎಂದು ಗೊತ್ತಿದ್ದೂ ವಾರವಾರ ಮೈದಾನ ತುಂಬುತ್ತಿದ್ದವರು. ಗೆಲ್ಲುವ ಆಸೆಯನ್ನೇ ಕ್ಲಬ್ ಕೈಬಿಟ್ಟಿದೆ, ಹೇಗೋ ಲೀಗ್‌ನಲ್ಲಿ ಉಳಿದುಕೊಂಡರೆ ಸಾಕು ಎಂದುಕೊಂಡಿದೆ ಎಂಬ ಅನುಮಾನ ವರ್ಷದಿಂದ ವರ್ಷಕ್ಕೆ ಗಟ್ಟಿಯಾದದ್ದು ಅವರನ್ನು ಕೆರಳಿಸಿತು.

ಟೈನ್ ನದಿಯ ದಂಡೆಯ ಈ ನಗರ ಒಂದು ಕಾಲಕ್ಕೆ ಕಲ್ಲಿದ್ದಲು ಮತ್ತು ಹಡಗು ಕಟ್ಟುವ ಕೆಲಸಕ್ಕೆ ಹೆಸರಾಗಿತ್ತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಗಣಿಗಳೂ ಹಡಗುಕಟ್ಟೆಗಳೂ ಒಂದೊಂದಾಗಿ ಮುಚ್ಚಿದವು. ಲಂಡನ್, ಮ್ಯಾಂಚೆಸ್ಟರ್, ಲಿವರ್‌ಪೂಲ್‌ಗಳಲ್ಲಿ ಊರು ಒಂದಕ್ಕಿಂತ ಹೆಚ್ಚು ಕ್ಲಬ್‌ಗಳಿಗೆ ಹಂಚಿಹೋಗಿದೆ. ನ್ಯೂಕ್ಯಾಸಲ್‌ನಲ್ಲಿ ದೊಡ್ಡ ಕ್ಲಬ್ ಇರುವುದು ಒಂದೇ. 1892ರಲ್ಲಿ ಊರಿನ ಎರಡು ಕ್ಲಬ್‌ಗಳ ಪೈಕಿ ಒಂದು ಕುಸಿದು, ಇನ್ನೊಂದು ಅದರ ಮೈದಾನಕ್ಕೆ ಬಂದು ನೆಲೆಸಿ ಯುನೈಟೆಡ್ ಎಂಬ ಹೆಸರು ತಳೆಯಿತು. ಆ ಮೈದಾನ, ಸೇಂಟ್ ಜೇಮ್ಸ್ ಪಾರ್ಕ್, ಊರ ನಡುವಿನ ಏರಿನ ಮೇಲಿದೆ. ಸುಮಾರು 52 ಸಾವಿರ ಜನ ಕೂರಬಹುದಾದ ಅದು ಪೇಟೆಯ ಬೀದಿಗಳಿಂದಲೇ ಕಾಣುತ್ತದೆ. ಕಪ್ಪು ಬಿಳುಪು ಪಟ್ಟೆಯ ಅಂಗಿ ಅಪ್ಪನಿಂದ ಮಗನಿಗೆ, ಅಜ್ಜನಿಂದ ಮೊಮ್ಮಗಳಿಗೆ ಬರುವ ಆಸ್ತಿಯಿದ್ದಂತೆ. ಇಂಥ ಊರಿನಲ್ಲಿ ಕ್ಲಬ್‌ನ ಮಾಲೀಕ ಕಾಗದಪತ್ರದ ಪ್ರಕಾರ ಕಂಪನಿಯೊಂದರ ಒಡೆಯ. ಜನರ ಕಣ್ಣಿಗೆ ಊರಿನ ಸೊತ್ತನ್ನು ಕೆಲಕಾಲ ನೋಡಿಕೊಳ್ಳಲು ಬಂದವನು. ಎಲ್ಲ ಜಗಳಗಳ ಬೇರು ಈ ಎರಡು ತಿಳಿವಳಿಕೆಗಳ ನಡುವಿನ ಅಂತರದಲ್ಲಿದೆ.

ಇಂಗ್ಲೆಂಡಿನ ಲೀಗ್ ವ್ಯವಸ್ಥೆ ಐಪಿಎಲ್‌ನಂಥದ್ದಲ್ಲ. ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡವೂ ಮುಂದಿನ ವರ್ಷ ಅದೇ ಟೂರ್ನಿಯಲ್ಲಿ ಆಡುತ್ತದೆ. ಪ್ರೀಮಿಯರ್ ಲೀಗ್‌ನ 20 ತಂಡಗಳಲ್ಲಿ ಕೊನೆಯ ಮೂರು ಪ್ರತಿ ವರ್ಷ ಕೆಳಗಿನ ಚಾಂಪಿಯನ್‌ಷಿಪ್ ದರ್ಜೆಗೆ ಇಳಿಯುತ್ತವೆ, ಅಲ್ಲಿಂದ ಮೂರು ಮೇಲೇರುತ್ತವೆ. ಮೇಲಿನ ನಾಲ್ಕೈದು ಸ್ಥಾನ ಪಡೆದವರಿಗೆ ಯುರೋಪಿನ ದೊಡ್ಡ ಟೂರ್ನಿಗಳ ಬಾಗಿಲು ತೆರೆಯುತ್ತದೆ. ಇವುಗಳ ಜೊತೆಗೆ ಎಫ್‌ಎ ಕಪ್ ಮತ್ತು ಲೀಗ್ ಕಪ್ ಎಂಬ ಎರಡು ನಾಕೌಟ್ ಟೂರ್ನಿಗಳಿವೆ. ಮ್ಯಾನೇಜರ್ ಎಂದರೆ ಅಲ್ಲಿ ತಂಡದ ಮುಖ್ಯ ಕೋಚ್. ಹಳೆಯ ಪದ್ಧತಿಯಲ್ಲಿ ಯಾವ ಆಟಗಾರನನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಎಂಬುದರಲ್ಲೂ ಅವರದೇ ಕೊನೆಯ ಮಾತು. ಹಣ ಕೊಡುವುದು, ಮ್ಯಾನೇಜರ್‌ನನ್ನು ನೇಮಿಸುವುದು, ಕಿತ್ತುಹಾಕುವುದು ಮಾಲೀಕನ ಕೈಯಲ್ಲಿ.

ಆ್ಯಶ್ಲಿ ಬರುವುದಕ್ಕೆ ಮೊದಲು ಜನ ಏನನ್ನು ಕಂಡಿದ್ದರು ಎಂಬುದು ಮುಖ್ಯ. ಕ್ಲಬ್ ನಾಲ್ಕು ಸಲ ಲೀಗ್ ಗೆದ್ದಿತ್ತು, ಕೊನೆಯದು 1927ರಲ್ಲಿ. ಆರು ಎಫ್‌ಎ ಕಪ್‌ಗಳಲ್ಲಿ ಮೂರು 1951, 1952 ಮತ್ತು 1955ರಲ್ಲಿ ಬಂದಿದ್ದವು. 1969ರಲ್ಲಿ ಯುರೋಪಿನ ಫೇರ್ಸ್ ಕಪ್ ಸಿಕ್ಕಿತು. ಆಮೇಲೆ ಕಪಾಟು ಖಾಲಿ. 1992ರಲ್ಲಿ ಕೆವಿನ್ ಕೀಗನ್ ಮ್ಯಾನೇಜರ್ ಆಗಿ ಬಂದಾಗ ತಂಡ ಮೂರನೆಯ ದರ್ಜೆಗೆ ಜಾರುವ ಅಂಚಿನಲ್ಲಿತ್ತು. ನಾಲ್ಕು ವರ್ಷದೊಳಗೆ ಅದೇ ತಂಡ ಪ್ರೀಮಿಯರ್ ಲೀಗ್‌ನ ತುತ್ತತುದಿಯಲ್ಲಿತ್ತು. 1996ರ ಜನವರಿಯಲ್ಲಿ 12 ಅಂಕ ಮುಂದಿದ್ದ ಕೀಗನ್‌ರ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಪ್ರಶಸ್ತಿ ಬಿಟ್ಟುಕೊಟ್ಟಿತು. ಅದೇ ಬೇಸಿಗೆಯಲ್ಲಿ ಊರಿನ ಹುಡುಗ ಅಲನ್ ಷಿಯರರ್‌ನನ್ನು 1.5 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಆಟಗಾರನೊಬ್ಬನಿಗೆ ಜಗತ್ತಿನಲ್ಲಿ ಆವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಗಣಿ ಕಾರ್ಮಿಕನ ಮಗ ಬಾಬಿ ರಾಬ್ಸನ್ ಮ್ಯಾನೇಜರ್ ಆಗಿದ್ದ ಕಾಲದಲ್ಲಿ, 2002 ಮತ್ತು 2003ರಲ್ಲಿ, ತಂಡ ಕ್ರಮವಾಗಿ ನಾಲ್ಕನೆಯ ಮತ್ತು ಮೂರನೆಯ ಸ್ಥಾನ ಪಡೆದು ಚಾಂಪಿಯನ್ಸ್ ಲೀಗ್ ಆಡಿತು. ಕೀಗನ್‌ರ ತಂಡ ಸೋತ ವರ್ಷವನ್ನು ಊರಿನವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಗೆಲುವಿಗೆ ಕೈಚಾಚಿ ಸೋತ ತಂಡವನ್ನು ಆ ಜನ ಎಂದೂ ದೂರಿಲ್ಲ.

ಸ್ಪೋರ್ಟ್ಸ್ ಡೈರೆಕ್ಟ್ ಎಂಬ ಕ್ರೀಡಾ ಸಾಮಗ್ರಿ ಅಂಗಡಿಗಳ ಸರಪಳಿ ಕಟ್ಟಿ ಶ್ರೀಮಂತರಾಗಿದ್ದ ಆ್ಯಶ್ಲಿ 2007ರಲ್ಲಿ ಸುಮಾರು 13.4 ಕೋಟಿ ಪೌಂಡ್‌ಗೆ ಕ್ಲಬ್ ಕೊಂಡರು. ಕೊಂಡ ಮೇಲೆ ಸಾಲದ ಹೊರೆ ಕಣ್ಣಿಗೆ ಬಿತ್ತು. ಅದನ್ನು ತೀರಿಸಲು ಅವರು ಬಡ್ಡಿಯಿಲ್ಲದ ಸಾಲವಾಗಿ ಸ್ವಂತ ಹಣ ಹಾಕಿದರು. ಆ ಮೊತ್ತ 10 ಕೋಟಿ ಪೌಂಡ್ ದಾಟಿತು. ಇದು ಅವರ ಪರವಾಗಿ ಹೇಳಲೇಬೇಕಾದ ಮಾತು. ಸಾಲದಲ್ಲಿ ಮುಳುಗಿ ದಿವಾಳಿಯಾದ ಕ್ಲಬ್‌ಗಳು ಇಂಗ್ಲೆಂಡಿನಲ್ಲಿ ಕಡಿಮೆಯೇನಿಲ್ಲ. ಮೊದಮೊದಲು ಆ್ಯಶ್ಲಿ ಪಟ್ಟೆ ಅಂಗಿ ತೊಟ್ಟು ಅಭಿಮಾನಿಗಳ ನಡುವೆ ಕೂತು ಪಂದ್ಯ ನೋಡಿದರು. 2008ರ ಜನವರಿಯಲ್ಲಿ ಕೀಗನ್‌ರನ್ನೇ ಮತ್ತೆ ಕರೆತಂದಾಗ ಊರು ಸಂಭ್ರಮಿಸಿತು.

ಆ ಸಂಭ್ರಮ ಎಂಟು ತಿಂಗಳೂ ಉಳಿಯಲಿಲ್ಲ. ಕೀಗನ್‌ರ ಮೇಲೆ ಡೆನಿಸ್ ವೈಸ್ ಎಂಬ ಮಾಜಿ ಆಟಗಾರನನ್ನು ಫುಟ್‌ಬಾಲ್ ವಿಭಾಗದ ನಿರ್ದೇಶಕನಾಗಿ ತಂದು ಕೂರಿಸಲಾಯಿತು. ಆಗಸ್ಟ್ ಕೊನೆಯಲ್ಲಿ ವೈಸ್ ಫೋನ್ ಮಾಡಿ ಇಗ್ನಾಸಿಯೊ ಗೊನ್ಸಾಲೆಸ್ ಎಂಬ ಉರುಗ್ವೆಯ ಆಟಗಾರನ ಹೆಸರು ಹೇಳಿದರು. ಆತನ ಆಟವನ್ನು ಕೀಗನ್ ಕಂಡೇ ಇರಲಿಲ್ಲ. ಯೂಟ್ಯೂಬ್‌ನಲ್ಲಿದ್ದ ಕೆಲವು ಮಸುಕು ದೃಶ್ಯಗಳನ್ನು ನೋಡಿ, ಬೇಡ ಎಂದರು. ಆದರೂ ಕ್ಲಬ್ ಆತನನ್ನು ಎರವಲು ತಂದಿತು. ದಕ್ಷಿಣ ಅಮೆರಿಕದ ಇಬ್ಬರು ಪ್ರಭಾವಿ ಏಜೆಂಟರ ಮನಸ್ಸು ಗೆಲ್ಲಲು ಹೀಗೆ ಮಾಡಿದ್ದಾಗಿ ಮುಂದೆ ಕ್ಲಬ್ಬೇ ಹೇಳಿಕೊಂಡಿತು. ಸೆಪ್ಟೆಂಬರ್ 4ರಂದು ಕೀಗನ್ ರಾಜೀನಾಮೆ ಕೊಟ್ಟು ಹೊರಟರು. ಹಲ್ ತಂಡದ ವಿರುದ್ಧದ ಮುಂದಿನ ತವರು ಪಂದ್ಯದಲ್ಲಿ ಗ್ಯಾಲರಿಗಳ ತುಂಬ ಬ್ಯಾನರ್‌ಗಳು ಎದ್ದವು, ಮಾಲೀಕ ತೊಲಗಲಿ ಎಂಬ ಕೂಗು ಹೊರಟಿತು. ಆ್ಯಶ್ಲಿ ಕ್ಲಬ್ಬನ್ನು ಮಾರಾಟಕ್ಕಿಟ್ಟರು, ಕೊಳ್ಳುವವರು ಸಿಗದೆ ಡಿಸೆಂಬರ್‌ನಲ್ಲಿ ಹಿಂದೆಗೆದುಕೊಂಡರು.

ಈ ಪ್ರಕರಣ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಯಿತು. ಆಟಗಾರರ ಆಯ್ಕೆಯಲ್ಲಿ ಕೊನೆಯ ಮಾತು ಮ್ಯಾನೇಜರ್‌ನದೇ ಎಂದು ಕ್ಲಬ್ ಪತ್ರಿಕೆಗಳಿಗೆ ಪದೇಪದೇ ಹೇಳಿಕೊಂಡು ಬಂದಿತ್ತು. ವಿಚಾರಣೆಯಲ್ಲಿ ಅದೇ ಕ್ಲಬ್ ಆ ಮಾತು ನಿಜವಲ್ಲ, ಹೊರಗಿನವರಿಗಾಗಿ ಆಡಿದ್ದು ಎಂದು ವಾದಿಸಿತು. 2009ರ ಅಕ್ಟೋಬರ್‌ನಲ್ಲಿ ಮಂಡಳಿ ಕೀಗನ್‌ರ ಪರ ತೀರ್ಪು ಕೊಟ್ಟು 20 ಲಕ್ಷ ಪೌಂಡ್ ಪರಿಹಾರ ವಿಧಿಸಿತು. ತಮಗೆ ಸುಳ್ಳು ಹೇಳಲಾಗಿತ್ತು ಎಂಬುದು ಅಭಿಮಾನಿಗಳಿಗೆ ಬರಹದಲ್ಲೇ ಸಿಕ್ಕಿತು. ಆ್ಯಶ್ಲಿಯ ಮುಂದಿನ ಯಾವ ಮಾತನ್ನೂ ಊರು ಪೂರ್ತಿಯಾಗಿ ನಂಬಲಿಲ್ಲ. ಅಷ್ಟರಲ್ಲಿ ತಂಡ ಕೆಳಗಿಳಿದಾಗಿತ್ತು: ಕೊನೆಯ ಎಂಟು ಪಂದ್ಯಗಳಿಗೆ ಷಿಯರರ್ ಅವರನ್ನೇ ಕರೆದು ಹೊಣೆ ಹೊರಿಸಿದರೂ, 2009ರ ಮೇ 24ರಂದು ಆ್ಯಸ್ಟನ್ ವಿಲ್ಲಾ ವಿರುದ್ಧ ತನ್ನದೇ ಆಟಗಾರನ ಕಾಲಿಗೆ ತಗಲಿ ಬಲೆ ಸೇರಿದ ಒಂದು ಗೋಲಿನಿಂದ ಸೋತು ನ್ಯೂಕ್ಯಾಸಲ್ ಪ್ರೀಮಿಯರ್ ಲೀಗ್‌ನಿಂದ ಹೊರಬಿತ್ತು.

ಮುಂದಿನ ವರ್ಷವೇ ಮ್ಯಾನೇಜರ್ ಕ್ರಿಸ್ ಹ್ಯೂಟನ್ 102 ಅಂಕಗಳೊಂದಿಗೆ ತಂಡವನ್ನು ಮೇಲೆ ತಂದರು. ಆಟಗಾರರಿಗೂ ಊರಿಗೂ ಅವರು ಬೇಕಾದವರು. 2010ರ ಡಿಸೆಂಬರ್‌ನಲ್ಲಿ, ತಂಡ ಲೀಗ್ ಪಟ್ಟಿಯ ನಡುಭಾಗದಲ್ಲಿ ನೆಮ್ಮದಿಯಾಗಿದ್ದಾಗ, ಅವರನ್ನು ತೆಗೆದು ಅಲನ್ ಪಾರ್ಡ್ಯೂ ಅವರನ್ನು ತರಲಾಯಿತು. ಮರುತಿಂಗಳು ಊರಿನ ಹುಡುಗ ಆ್ಯಂಡಿ ಕ್ಯಾರಲ್‌ನನ್ನು 3.5 ಕೋಟಿ ಪೌಂಡ್‌ಗೆ ಲಿವರ್‌ಪೂಲ್‌ಗೆ ಮಾರಿದರು. ನ್ಯಾಯವಾಗಿ ನೋಡಿದರೆ ವ್ಯಾಪಾರದ ಲೆಕ್ಕದಲ್ಲಿ ಅದು ಒಳ್ಳೆಯ ಮಾರಾಟವೇ. ಫ್ರಾನ್ಸ್ ಮತ್ತಿತರ ಕಡೆಗಳಿಂದ ಅಗ್ಗಕ್ಕೆ ಒಳ್ಳೆಯ ಆಟಗಾರರನ್ನು ಹುಡುಕಿ ತಂದು 2012ರಲ್ಲಿ ತಂಡ ಐದನೆಯ ಸ್ಥಾನಕ್ಕೇರಿತು. ಆ್ಯಶ್ಲಿ ಕಾಲದ ಅತ್ಯುತ್ತಮ ವರ್ಷ ಅದು. ಪಾರ್ಡ್ಯೂ ಅವರಿಗೆ ಎಂಟು ವರ್ಷದ ಒಪ್ಪಂದ ಸಿಕ್ಕಿತು.

ಒಬ್ಬಿಬ್ಬರು ಆಟಗಾರರನ್ನು ಸೇರಿಸಿ ಮೇಲಕ್ಕೆ ಹೋಗಲು ಅದೇ ಸಮಯ ಎಂದು ಅಭಿಮಾನಿಗಳು ಕಾದರು. ಯುರೋಪಾ ಲೀಗ್‌ನ ಹೆಚ್ಚುವರಿ ಪಂದ್ಯಗಳಲ್ಲಿ ಸಣ್ಣ ತಂಡ ಬಳಲಿ ಮರುವರ್ಷ 16ನೆಯ ಸ್ಥಾನಕ್ಕೆ ಕುಸಿಯಿತು. ಮಾಲೀಕರು ಅದರಿಂದ ಕಲಿತ ಪಾಠ ಬೇರೆ. 2013ರ ಬೇಸಿಗೆಯಲ್ಲೂ 2014ರ ಜನವರಿಯಲ್ಲೂ ಮೊದಲ ತಂಡಕ್ಕೆ ಒಬ್ಬ ಆಟಗಾರನನ್ನೂ ಕಾಯಂ ಆಗಿ ಕೊಳ್ಳಲಿಲ್ಲ. ಎರವಲು ತಂದವರೇ ಗತಿ. ಅದೇ ಜನವರಿಯಲ್ಲಿ ತಂಡದ ಮೆದುಳಿನಂತಿದ್ದ ಯೊಹಾನ್ ಕಬಾಯ್ ಪ್ಯಾರಿಸ್‌ಗೆ ಮಾರಾಟವಾದರು. ಖರೀದಿಯ ಹೊಣೆ ಹೊತ್ತಿದ್ದ ಜೋ ಕಿನಿಯರ್ ನೇಮಕವಾದ ಹೊಸತರಲ್ಲೇ ರೇಡಿಯೊ ಸಂದರ್ಶನವೊಂದರಲ್ಲಿ ಈ ಕಬಾಯ್ ಹೆಸರನ್ನು ಕಬಾಬ್ ಎಂದಿದ್ದರು. ತಮ್ಮ ಅತ್ಯುತ್ತಮ ಆಟಗಾರನ ಹೆಸರೂ ಸರಿಯಾಗಿ ಬಾರದವರ ಕೈಗೆ ಕ್ಲಬ್ ಕೊಟ್ಟಿದ್ದಾರೆ ಎಂಬುದು ಊರಿಗೆ ಅವಮಾನವಾಗಿ ತಟ್ಟಿತು. 2013ರಲ್ಲೇ ಅಭಿಮಾನಿಗಳ ಪ್ರತಿಭಟನಾ ಮೆರವಣಿಗೆಯನ್ನು ವರದಿ ಮಾಡಿದ್ದಕ್ಕಾಗಿ ಸ್ಥಳೀಯ ಪತ್ರಿಕೆಗಳಿಗೆ ಕ್ಲಬ್ ತನ್ನ ಬಾಗಿಲು ಮುಚ್ಚಿತು.

ಹೆಸರಿನ ವಿಷಯಕ್ಕೇ ಬಂದರೆ, 2011ರ ನವೆಂಬರ್‌ನಲ್ಲಿ ನಡೆದದ್ದು ಇನ್ನೂ ಆಳವಾದ ಗಾಯ. ಸೇಂಟ್ ಜೇಮ್ಸ್ ಪಾರ್ಕ್‌ಗೆ ಸ್ಪೋರ್ಟ್ಸ್ ಡೈರೆಕ್ಟ್ ಅರೇನಾ ಎಂದು ಮರುನಾಮಕರಣವಾಯಿತು. ಮೈದಾನದ ಗೋಡೆಯ ಮೇಲಿನ ಹಳೆಯ ಅಕ್ಷರಗಳನ್ನು ಕೆಲಸಗಾರರು ಕಿತ್ತು ಇಳಿಸಿದರು. ಮರುವರ್ಷ ದುಬಾರಿ ಬಡ್ಡಿಗೆ ಸಾಲ ಕೊಡುವ ವೊಂಗಾ ಎಂಬ ಕಂಪನಿ ಅಂಗಿಯ ಪ್ರಾಯೋಜಕನಾಗುವ ಒಪ್ಪಂದದಲ್ಲಿ ಹಳೆಯ ಹೆಸರನ್ನು ಮರಳಿ ಕೊಡಿಸಿತು. ಆದರೆ ಸ್ಪೋರ್ಟ್ಸ್ ಡೈರೆಕ್ಟ್ ಫಲಕಗಳು ಛಾವಣಿಯ ಅಂಚಿನಲ್ಲೂ ಗ್ಯಾಲರಿಗಳ ನಡುವೆಯೂ ಹಾಗೇ ಉಳಿದವು. ಜಗತ್ತಿನ ಮೂಲೆಮೂಲೆಗೆ ಟಿವಿಯಲ್ಲಿ ಕಾಣುವ ಆ ಜಾಗಕ್ಕೆ ಆ್ಯಶ್ಲಿಯ ಅಂಗಡಿಗಳು ವರ್ಷಗಟ್ಟಲೆ ಕ್ಲಬ್‌ಗೆ ಹಣ ಕೊಟ್ಟಿರಲಿಲ್ಲ. ಬೇರೆ ಕ್ಲಬ್‌ಗಳ ಜಾಹೀರಾತು ಆದಾಯ ಏರುತ್ತಿದ್ದ ಆ ಕಾಲದಲ್ಲಿ ನ್ಯೂಕ್ಯಾಸಲ್‌ನ ಆದಾಯ ನಿಂತಲ್ಲೇ ನಿಂತಿತ್ತು. ಹಣವಿಲ್ಲ, ಆದ್ದರಿಂದ ಆಟಗಾರರಿಲ್ಲ ಎಂಬ ಮಾತನ್ನು ಜನ ಒಪ್ಪದೆ ಹೋದದ್ದು ಇದಕ್ಕೇ.

ಹಂಬಲ ಬತ್ತಿದ್ದರ ಹಿಂದೆ ಒಂದು ಗಟ್ಟಿ ಆರ್ಥಿಕ ಲೆಕ್ಕಾಚಾರವೂ ಇದೆ. ಬ್ರಿಟನ್ನಿನೊಳಗಿನ ಟಿವಿ ಹಕ್ಕುಗಳಿಗೆ ಪ್ರೀಮಿಯರ್ ಲೀಗ್ 2013ರಿಂದ 2016ರವರೆಗಿನ ಮೂರು ವರ್ಷಕ್ಕೆ ಸುಮಾರು 300 ಕೋಟಿ ಪೌಂಡ್ ಪಡೆದಿತ್ತು. ಮುಂದಿನ ಮೂರು ವರ್ಷಕ್ಕೆ ಅದು 510 ಕೋಟಿ ದಾಟಿತು. 2016–17ರಲ್ಲಿ ಕಟ್ಟಕಡೆಯ ಸ್ಥಾನ ಪಡೆದ ಸಂಡರ್‌ಲ್ಯಾಂಡ್‌ಗೂ ಲೀಗ್‌ನಿಂದ 9 ಕೋಟಿಗೂ ಹೆಚ್ಚು ಪೌಂಡ್ ಸಿಕ್ಕಿತು. ಅಂದರೆ ಲೀಗ್‌ನಲ್ಲಿ ಉಳಿಯುವುದೇ ದೊಡ್ಡ ಬಹುಮಾನ. ಹತ್ತನೆಯ ಸ್ಥಾನದಿಂದ ಆರಕ್ಕೇರಲು ಸುರಿಯಬೇಕಾದ ಹಣ, ಅದರಿಂದ ಬರುವ ಹೆಚ್ಚುವರಿ ಆದಾಯಕ್ಕಿಂತ ಜಾಸ್ತಿ. ಎಫ್‌ಎ ಕಪ್ ಗೆದ್ದರೆ ಸಿಗುವ ಹಣವಂತೂ ಈ ಲೆಕ್ಕದಲ್ಲಿ ಚಿಲ್ಲರೆ. ಆ ಪಂದ್ಯಗಳಲ್ಲಿ ಮುಖ್ಯ ಆಟಗಾರ ಗಾಯಗೊಂಡರೆ ನಷ್ಟ ದೊಡ್ಡದು. ಹೀಗಾಗಿ ಕಪ್ ಪಂದ್ಯಗಳಿಗೆ ಎರಡನೆಯ ಸಾಲಿನ ಆಟಗಾರರನ್ನು ಇಳಿಸಿ, ಬೇಗ ಸೋತು, ಲೀಗ್‌ನಲ್ಲಿ 17ರ ಒಳಗೆ ಉಳಿಯುವುದು ಮಾಲೀಕನಿಗೆ ಜಾಣ ದಾರಿ. ಆ್ಯಶ್ಲಿಯ ಹದಿನಾಲ್ಕು ವರ್ಷದಲ್ಲಿ ನ್ಯೂಕ್ಯಾಸಲ್ ಎರಡು ಕಪ್‌ಗಳಲ್ಲಿ ಯಾವುದರಲ್ಲೂ ಒಮ್ಮೆಯೂ ಸೆಮಿಫೈನಲ್ ತಲುಪಲಿಲ್ಲ. ಐವತ್ತು ಸಾವಿರ ಜನ ವರ್ಷಕ್ಕೆ ನೂರಾರು ಪೌಂಡ್ ಕೊಟ್ಟು ಬರುವುದು ಲೆಕ್ಕಪತ್ರ ಸರಿಹೊಂದುವುದನ್ನು ನೋಡಲಿಕ್ಕಲ್ಲ. ಈ ಜಾಣತನ ಅವರ ಪಾಲಿಗೆ ದ್ರೋಹ.

ಇದೇ ಟಿವಿ ಹಣ ಅಭಿಮಾನಿಯ ಕೈಯಲ್ಲಿದ್ದ ಒಂದೇ ಅಸ್ತ್ರವನ್ನೂ ಮೊಂಡಾಗಿಸಿತು. ಒಂದು ಕಾಲಕ್ಕೆ ಗೇಟಿನಲ್ಲಿ ಬರುವ ದುಡ್ಡೇ ಕ್ಲಬ್‌ನ ಉಸಿರು. ಜನ ಬಾರದಿದ್ದರೆ ಮಾಲೀಕ ಬಗ್ಗಲೇಬೇಕಿತ್ತು. ಈಗ ಪ್ರೀಮಿಯರ್ ಲೀಗ್ ಕ್ಲಬ್‌ನ ಆದಾಯದಲ್ಲಿ ಟಿಕೆಟ್‌ನ ಪಾಲು ಸಣ್ಣದು. 2015ರ ಏಪ್ರಿಲ್‌ನಲ್ಲಿ ಟಾಟೆನ್‌ಹ್ಯಾಮ್ ವಿರುದ್ಧದ ಪಂದ್ಯಕ್ಕೆ ಬಹಿಷ್ಕಾರದ ಕರೆ ಹೋದಾಗ ಸಾವಿರಾರು ಆಸನಗಳು ಖಾಲಿ ಉಳಿದವು. ಅದರಿಂದ ಮಾಲೀಕರು ಜಗ್ಗಲಿಲ್ಲ. ಸೀಸನ್ ಟಿಕೆಟ್ ಬಿಟ್ಟರೆ ಮತ್ತೆ ಸಿಗುವುದೋ ಇಲ್ಲವೋ ಎಂಬ ಅಳುಕು ಒಂದು ಕಡೆ, ತಂಡವನ್ನು ಕಷ್ಟದಲ್ಲಿ ಬಿಟ್ಟುಹೋಗುವುದು ಹೇಗೆ ಎಂಬ ಸಂಕಟ ಇನ್ನೊಂದು ಕಡೆ. ಅಂಗಡಿಯ ಸಾಮಾನು ಕೆಟ್ಟರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ನ್ಯೂಕ್ಯಾಸಲ್‌ನ ಅಭಿಮಾನಿ ಪಕ್ಕದ ಊರಿನ ಎದುರಾಳಿ ಸಂಡರ್‌ಲ್ಯಾಂಡ್‌ಗೆ ಹೋಗುವುದು ಊಹೆಗೂ ನಿಲುಕದ ಮಾತು.

2015ರ ಮೇ ತಿಂಗಳ ಕೊನೆಯ ಪಂದ್ಯದಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ ಗೆದ್ದರೆ ಮಾತ್ರ ಉಳಿವು ಖಚಿತ ಎಂಬ ಸ್ಥಿತಿ ಬಂತು. ಪಂದ್ಯಕ್ಕೆ ಮುಂಚೆ ಆ್ಯಶ್ಲಿ ಅಪರೂಪಕ್ಕೆ ಟಿವಿಯ ಮುಂದೆ ಬಂದು, ಏನನ್ನಾದರೂ ಗೆಲ್ಲುವವರೆಗೆ ಎಷ್ಟೇ ಬೆಲೆ ಬಂದರೂ ಕ್ಲಬ್ ಮಾರುವುದಿಲ್ಲ ಎಂದರು. ಲೀಗ್‌ನಲ್ಲಿ ಮೊದಲ ನಾಲ್ಕರಲ್ಲಿ ಬಂದರೂ ಅದನ್ನು ಗೆಲುವೆಂದೇ ಎಣಿಸಬಹುದು ಎಂದು ಸೇರಿಸಿದರು. ಆ ದಿನ ತಂಡ 2–0 ಗೆದ್ದಿತು. ಎರಡನೆಯ ಗೋಲು ಹೊಡೆದದ್ದು ಅರ್ಜೆಂಟೀನಾದ ಹೊನಾಸ್ ಗುಟಿಯೆರೆಸ್. ವೃಷಣದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಕೆಲವೇ ತಿಂಗಳ ಹಿಂದೆ ಮೈದಾನಕ್ಕೆ ಮರಳಿದ್ದವರು. ಮೈದಾನ ಅವರ ಹೆಸರನ್ನೇ ಕೂಗಿತು. ಕೆಲವು ದಿನಗಳಲ್ಲೇ, ಹೊಸ ಒಪ್ಪಂದವಿಲ್ಲ ಎಂದು ಅವರಿಗೆ ತಿಳಿಸಲಾಯಿತು. ಸಹ ಆಟಗಾರ ರಯನ್ ಟೇಲರ್‌ಗೆ ಫೋನ್ ಮಾಡಿ ಅವರಿಗೂ ಕೆಲಸವಿಲ್ಲ ಎಂದು ಹೇಳಿ, ಪಕ್ಕದಲ್ಲಿದ್ದ ಗುಟಿಯೆರೆಸ್ ಕೈಗೆ ಫೋನ್ ಕೊಡಿಸಿ ಅದೇ ಸುದ್ದಿ ಮುಟ್ಟಿಸಿದರು ಎಂದು ಟೇಲರ್ ಬಹಿರಂಗವಾಗಿ ಹೇಳಿದರು. 2016ರಲ್ಲಿ ಉದ್ಯೋಗ ನ್ಯಾಯಮಂಡಳಿಯು ಕಾಯಿಲೆಯ ಕಾರಣಕ್ಕೆ ಕ್ಲಬ್ ಗುಟಿಯೆರೆಸ್‌ಗೆ ತಾರತಮ್ಯ ಮಾಡಿತ್ತು ಎಂದು ತೀರ್ಪು ಕೊಟ್ಟಿತು. ತಂಡವನ್ನು ಉಳಿಸಿಕೊಟ್ಟ ಮನುಷ್ಯನನ್ನು ಹೀಗೆ ನಡೆಸಿಕೊಂಡದ್ದು ಊರಿನ ಮನಸ್ಸಿನಿಂದ ಇನ್ನೂ ಮಾಸಿಲ್ಲ.

ಮರುವರ್ಷ ತಂಡ ಮತ್ತೆ ಕೆಳಗಿಳಿಯಿತು. ಆದರೆ ಅದಕ್ಕೆ ಎರಡು ತಿಂಗಳ ಮುಂಚೆ ಚಾಂಪಿಯನ್ಸ್ ಲೀಗ್ ಗೆದ್ದ ಅನುಭವಿ ರಫಾ ಬೆನಿಟೆಸ್ ಮ್ಯಾನೇಜರ್ ಆಗಿ ಬಂದಿದ್ದರು. ಆಗಲೇ ಹಿಂಬಡ್ತಿ ಖಚಿತವಾಗಿದ್ದ ತಂಡ ಕೊನೆಯ ದಿನ ಟಾಟೆನ್‌ಹ್ಯಾಮ್‌ಗೆ 5–1ರ ಸೋಲುಣಿಸಿತು. ಉಳಿದುಕೊಳ್ಳಿ ಎಂದು ಮೈದಾನವಿಡೀ ಹಾಡಿ ಅವರನ್ನು ಬೇಡಿಕೊಂಡಿತು. ಬೆನಿಟೆಸ್ ಉಳಿದರು, ಚಾಂಪಿಯನ್‌ಷಿಪ್ ಗೆದ್ದು ಮೇಲೆ ತಂದರು, 2018ರಲ್ಲಿ ಹತ್ತನೆಯ ಸ್ಥಾನ ದೊರಕಿಸಿಕೊಟ್ಟರು. ಕೆಳ ದರ್ಜೆಯ ಆ ವರ್ಷದಲ್ಲೂ ಪಂದ್ಯಕ್ಕೆ ಸರಾಸರಿ 51 ಸಾವಿರ ಜನ ಬಂದರು. ಬೆನಿಟೆಸ್‌ರ ಆಟವೇನೂ ರಂಜನೀಯವಾಗಿರಲಿಲ್ಲ. ರಕ್ಷಣೆಗೇ ಒತ್ತು ಕೊಡುವ ಆಟ. ಆದರೂ ಊರು ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ತರಬೇತಿ ಮೈದಾನ ಸುಧಾರಿಸಿ, ಎಳೆಯರ ಅಕಾಡೆಮಿಗೆ ಹಣ ಹಾಕಿ, ಒಳ್ಳೆಯ ಆಟಗಾರರನ್ನು ತನ್ನಿ ಎಂದು ಅವರು ಮಾಲೀಕರ ಬೆನ್ನು ಬಿಡದೆ ಕೇಳುತ್ತಿದ್ದರು. ಅಭಿಮಾನಿಗಳ ಬೇಡಿಕೆಯೂ ಅದೇ ಆಗಿತ್ತು. ಆ ಬೇಡಿಕೆ ಈಡೇರದೆ 2019ರ ಜೂನ್ 30ಕ್ಕೆ ಒಪ್ಪಂದ ಮುಗಿಸಿ ಅವರು ಹೊರಟುಹೋದರು.

ಅವರ ಜಾಗಕ್ಕೆ ಬಂದ ಸ್ಟೀವ್ ಬ್ರೂಸ್ ಪಕ್ಕದ ಕಾರ್‌ಬ್ರಿಜ್‌ನಲ್ಲಿ ಹುಟ್ಟಿದವರು, ಬಾಲ್ಯದಿಂದ ನ್ಯೂಕ್ಯಾಸಲ್ ಅಭಿಮಾನಿ. ಹಿಂದೆ ಸಂಡರ್‌ಲ್ಯಾಂಡ್ ತಂಡವನ್ನು ನಡೆಸಿದ್ದವರೂ ಹೌದು. ಬೆನಿಟೆಸ್‌ಗೆ ಕೊಡದ ಹಣವನ್ನು ಮಾಲೀಕರು ಈಗ ಬಿಚ್ಚಿದರು: ಜೊಯೆಲಿಂಟನ್ ಎಂಬ ಬ್ರೆಜಿಲ್ ಆಟಗಾರನಿಗೆ 4 ಕೋಟಿ ಪೌಂಡ್. ಮುನ್ಪಡೆಯಲ್ಲಿ ಆಡಲು ತಂದ ಆತ ಗೋಲು ಹೊಡೆಯಲು ಒದ್ದಾಡಿದ. ಬ್ರೂಸ್‌ರ ತಂಡ 13 ಮತ್ತು 12ನೆಯ ಸ್ಥಾನಗಳಲ್ಲಿ ಋತು ಮುಗಿಸಿತು. ಬೆನಿಟೆಸ್‌ರ ಕೊನೆಯ ವರ್ಷವೂ ಸಿಕ್ಕಿದ್ದು 13ನೆಯ ಸ್ಥಾನವೇ. ಅಂಕಪಟ್ಟಿ ಒಂದೇ ಆದರೂ ಒಬ್ಬರನ್ನು ಪೂಜಿಸಿದ ಊರು ಇನ್ನೊಬ್ಬರನ್ನು ಏಕೆ ಸಹಿಸಲಿಲ್ಲ? ಬ್ರೂಸ್ ಏನನ್ನೂ ಕೇಳದೆ ಇದ್ದುದರಲ್ಲೇ ತೃಪ್ತರಾಗಿದ್ದಾರೆ, ಮಾಲೀಕನಿಗೆ ಬೇಕಾಗಿದ್ದ ಮ್ಯಾನೇಜರ್ ಇವರೇ ಎಂದು ಜನ ಭಾವಿಸಿದರು. ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟು ಹಿಂದೆ ಕೂರುವ ಆಟ ಆ ಭಾವನೆಯನ್ನು ಬಲಪಡಿಸಿತು. ಸಂದರ್ಶನಗಳಲ್ಲಿ ಲೀಗ್‌ನಲ್ಲಿ ಉಳಿಯುವುದನ್ನೇ ಸಾಧನೆಯೆಂಬಂತೆ ಹೇಳಿದಾಗಲೆಲ್ಲ ಸಿಟ್ಟು ಏರಿತು.

ಹಲವರು ಸೀಸನ್ ಟಿಕೆಟ್ ಬಿಟ್ಟರು. ಎಂಥ ಕಾಲದಲ್ಲೂ ತುಂಬುತ್ತಿದ್ದ ಮೈದಾನದಲ್ಲಿ ಆಸನಗಳು ಖಾಲಿ ಬಿದ್ದವು. ಅವನ್ನು ತುಂಬಿಸಲು 2019ರ ಕೊನೆಯಲ್ಲಿ ಕ್ಲಬ್ 10 ಸಾವಿರದವರೆಗೆ ಅರ್ಧ ಋತುವಿನ ಟಿಕೆಟ್‌ಗಳನ್ನು ಪುಕ್ಕಟೆ ಹಂಚಲು ಮುಂದಾಯಿತು. ಒಂದು ಸೀಟಿಗಾಗಿ ವರ್ಷಗಟ್ಟಲೆ ಕಾದ ಕಾಲವನ್ನು ಕಂಡಿದ್ದ ಹಿರಿಯರಿಗೆ ಇದು ನುಂಗಲಾರದ ತುತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಲೀಗ್ ನಿಂತಾಗ, ಸಿಬ್ಬಂದಿಯ ಸಂಬಳಕ್ಕೆ ಸರ್ಕಾರದ ನೆರವು ಯೋಜನೆಯ ಮೊರೆ ಹೋದ ಪ್ರೀಮಿಯರ್ ಲೀಗ್ ಕ್ಲಬ್‌ಗಳಲ್ಲಿ ನ್ಯೂಕ್ಯಾಸಲ್ಲೇ ಮೊದಲನೆಯದು.

ಬ್ರೂಸ್‌ರ ವಿಷಯದಲ್ಲಿ ಅಭಿಮಾನಿಗಳ ಸಿಟ್ಟು ಹದ ತಪ್ಪಿತು ಎನ್ನಲೇಬೇಕು. ಅವರ ತಲೆಯನ್ನೂ ದೇಹದ ಗಾತ್ರವನ್ನೂ ಹಂಗಿಸುವ ಮಾತುಗಳು ಸಾಮಾನ್ಯವಾದವು. ಈ ಎರಡು ವರ್ಷ ತಮಗೂ ಮನೆಯವರಿಗೂ ಎಷ್ಟು ಹಿಂಸೆಯಾಯಿತು ಎಂದು ಹುದ್ದೆ ಬಿಟ್ಟ ಮೇಲೆ ಅವರು ಹೇಳಿಕೊಂಡರು. ಮಾಲೀಕ ಮೈದಾನಕ್ಕೆ ಬರುವುದೇ ಅಪರೂಪ, ಮಾತಾಡುವುದು ಇನ್ನೂ ಅಪರೂಪ. ವಾರಕ್ಕೆರಡು ಸಲ ಪತ್ರಕರ್ತರೆದುರು ಕೂರುವವರು ಮ್ಯಾನೇಜರ್. ಮೇಲಿನವರು ಮಾಡಿದ ತೀರ್ಮಾನಗಳಿಗೆಲ್ಲ ಉತ್ತರ ಕೊಡಬೇಕಾದವರೂ, ಬೈಗುಳ ತಿನ್ನಬೇಕಾದವರೂ ಅವರೇ. ಕಣ್ಣೆದುರು ಸಿಕ್ಕವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಸುಲಭ, ಅದರಿಂದ ಅದು ನ್ಯಾಯವಾಗುವುದಿಲ್ಲ. ಅಭಿಮಾನಿಗಳಲ್ಲೇ ಹೆಚ್ಚು ಯೋಚಿಸಿದವರು ಬೇರೆ ದಾರಿ ಹಿಡಿದಿದ್ದರು. ನ್ಯೂಕ್ಯಾಸಲ್ ಯುನೈಟೆಡ್ ಸಪೋರ್ಟರ್ಸ್ ಟ್ರಸ್ಟ್ 2021ರ ಏಪ್ರಿಲ್‌ನಲ್ಲಿ, ಕ್ಲಬ್‌ನ ಸಣ್ಣ ಪಾಲೊಂದನ್ನು ಅಭಿಮಾನಿಗಳ ಹೆಸರಿನಲ್ಲಿ ಕೊಳ್ಳಲು 1892 ಪ್ಲೆಡ್ಜ್ ಎಂಬ ನಿಧಿ ಆರಂಭಿಸಿತು. ಮೈದಾನದ ಬಳಿ ಪಂದ್ಯದ ದಿನಗಳಲ್ಲಿ ಬಡವರಿಗೆ ಆಹಾರಸಾಮಗ್ರಿ ಸಂಗ್ರಹಿಸುವ ಕೆಲಸವನ್ನೂ ಇಂಥ ಅಭಿಮಾನಿಗಳೇ ಕಟ್ಟಿ ಬೆಳೆಸಿದರು.

2021ರ ಅಕ್ಟೋಬರ್ 7ರಂದು ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯ ನೇತೃತ್ವದ ಗುಂಪು 30.5 ಕೋಟಿ ಪೌಂಡ್‌ಗೆ ಕ್ಲಬ್ ಕೊಂಡಿತು. ಆಗ ಶೇ 80ರಷ್ಟು ಪಾಲು ಆ ನಿಧಿಗೆ ಸೇರಿತು. ಆ ಸಂಜೆ ಸಾವಿರಾರು ಜನ ಮೈದಾನದ ಹೊರಗೆ ಸೇರಿ ಕುಣಿದರು. ಸಂಭ್ರಮದ ಮುಖ್ಯ ಕಾರಣ ಆ್ಯಶ್ಲಿ ಹೋದದ್ದು. ಆದರೆ ಆ ನಿಧಿಯ ಅಧ್ಯಕ್ಷರು ಸೌದಿಯ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. 2018ರಲ್ಲಿ ಇಸ್ತಾಂಬುಲ್‌ನ ಸೌದಿ ದೂತಾವಾಸದಲ್ಲಿ ಪತ್ರಕರ್ತ ಜಮಾಲ್ ಖಶೋಗಿ ಕೊಲೆಯಾಗಿದ್ದರು; ಈ ಖರೀದಿಗೆ ಅನುಮತಿ ಕೊಡಬೇಡಿ ಎಂದು ಅವರನ್ನು ಮದುವೆಯಾಗಬೇಕಿದ್ದ ಹತೀಜೆ ಜೆಂಗಿಜ್ ಲೀಗ್‌ಗೆ ಮನವಿ ಮಾಡಿದ್ದರು. ಆ್ಯಮ್ನೆಸ್ಟಿ ಎಂಬ ಮಾನವ ಹಕ್ಕು ಸಂಸ್ಥೆಯೂ ಆಕ್ಷೇಪಿಸಿತ್ತು. ಟ್ರಸ್ಟ್ ತನ್ನ ಸದಸ್ಯರನ್ನು ಕೇಳಿದಾಗ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಮಾರಾಟದ ಪರ ನಿಂತರು. ಕ್ರೀಡೆಯ ಹೊಳಪಿನಲ್ಲಿ ಸರ್ಕಾರವೊಂದರ ಕಳಂಕ ತೊಳೆಯಲು ತಮ್ಮ ಕ್ಲಬ್ ಬಳಕೆಯಾಗಬಾರದು ಎಂದು ಅಭಿಮಾನಿಗಳದೇ ಒಂದು ಸಣ್ಣ ಗುಂಪು ಮಾತ್ರ ಪಟ್ಟು ಹಿಡಿದು ಪ್ರತಿಭಟಿಸುತ್ತ ಬಂತು. ಹದಿನಾಲ್ಕು ವರ್ಷದ ನಿರಾಸೆ ಜನರನ್ನು ಯಾವ ಹಂತಕ್ಕೆ ತಂದಿತ್ತು ಎಂಬುದನ್ನು ಈ ಅಂಕಿ ತೋರಿಸುತ್ತದೆ: ಹಂಬಲವುಳ್ಳ ಮಾಲೀಕ ಬಂದರೆ ಸಾಕು, ಆ ಹಣದ ಮೂಲ ಯಾವುದೆಂದು ಕೇಳುವ ತಾಳ್ಮೆ ಬಹುಪಾಲು ಜನರಲ್ಲಿ ಉಳಿದಿರಲಿಲ್ಲ. ಇಂಥ ಆಯ್ಕೆಯ ಮುಂದೆ ಅವರನ್ನು ತಂದು ನಿಲ್ಲಿಸಿದ ವ್ಯವಸ್ಥೆಯ ತಪ್ಪು ಅಭಿಮಾನಿಗಳ ತಪ್ಪಿಗಿಂತ ದೊಡ್ಡದು.

ಮಾರಾಟವಾದ ಹತ್ತು ದಿನಗಳ ನಂತರ ಟಾಟೆನ್‌ಹ್ಯಾಮ್ ವಿರುದ್ಧ ಮ್ಯಾನೇಜರ್ ಆಗಿ ತಮ್ಮ ಸಾವಿರನೆಯ ಪಂದ್ಯ ನಡೆಸಿದ ಬ್ರೂಸ್, 2–3ರ ಆ ಸೋಲಿನ ಬಳಿಕ ಹುದ್ದೆ ಬಿಟ್ಟರು. ನವೆಂಬರ್‌ನಲ್ಲಿ ಎಡ್ಡಿ ಹೌ ಬಂದರು. ಮೊದಲ 14 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದಿದ್ದ ತಂಡ ಆ ವರ್ಷ 11ನೆಯ ಸ್ಥಾನಕ್ಕೇರಿತು, ಮರುವರ್ಷ ನಾಲ್ಕನೆಯದಕ್ಕೆ. ಬ್ರೂಸ್ ಕಾಲದಲ್ಲಿ ನಗೆಪಾಟಲಾಗಿದ್ದ ಜೊಯೆಲಿಂಟನ್ ನಡುಪಡೆಗೆ ಬದಲಾಗಿ ತಂಡದ ಕಂಬವಾದರು. ಸ್ಪೋರ್ಟ್ಸ್ ಡೈರೆಕ್ಟ್ ಫಲಕಗಳು ಇಳಿದವು. 2025ರ ಮಾರ್ಚ್ 16ರಂದು ವೆಂಬ್ಲಿಯಲ್ಲಿ ಲಿವರ್‌ಪೂಲ್‌ನ್ನು 2–1ರಿಂದ ಸೋಲಿಸಿ ನ್ಯೂಕ್ಯಾಸಲ್ ಲೀಗ್ ಕಪ್ ಎತ್ತಿತು. ಮೊದಲ ಗೋಲು ಹೆಡ್ ಮಾಡಿದ್ದು ಡ್ಯಾನ್ ಬರ್ನ್; ಪಕ್ಕದ ಬ್ಲೈತ್ ಊರಿನವನು, ಹುಡುಗನಾಗಿದ್ದಾಗ ಇದೇ ಕ್ಲಬ್ ಕೈಬಿಟ್ಟಿದ್ದವನು. ಎರಡನೆಯದು ಅಲೆಕ್ಸಾಂಡರ್ ಐಸಾಕ್‌ನದು. ಅದೇ ಐಸಾಕ್ ಆರು ತಿಂಗಳೊಳಗೆ, ಆಡಲು ನಿರಾಕರಿಸಿ ಕೂತು, ಸೆಪ್ಟೆಂಬರ್ 1ರಂದು 12.5 ಕೋಟಿ ಪೌಂಡ್‌ಗೆ ಲಿವರ್‌ಪೂಲ್ ಸೇರಿದ. ಕ್ಲಬ್‌ಗಳು ಆದಾಯಕ್ಕೆ ತಕ್ಕಂತೆ ಖರ್ಚು ಮಾಡಬೇಕೆಂಬ ಲೀಗ್ ನಿಯಮಗಳಿಂದಾಗಿ, ಅಪಾರ ಹಣವಿರುವ ಮಾಲೀಕನೂ ಮನಬಂದಂತೆ ಸುರಿಯಲಾಗದು. ಆ್ಯಶ್ಲಿ ಕಾಲದಲ್ಲಿ ಬೆಳೆಯದೆ ನಿಂತ ಆದಾಯದ ಹೊರೆ ಹೊಸಬರ ಕಾಲದಲ್ಲೂ ಕ್ಲಬ್ಬನ್ನು ಹಿಂದಕ್ಕೆಳೆಯಿತು.

ಮಾಲೀಕರ ಮೇಲೆ ಅಭಿಮಾನಿಗೆ ಹಿಡಿತ ಇರಬೇಕೇ ಎಂಬ ಪ್ರಶ್ನೆಗೆ ಜರ್ಮನಿ 1998ರಲ್ಲೇ ಒಂದು ಉತ್ತರ ಕಂಡುಕೊಂಡಿತು. ಅಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲಬ್‌ನ ಸದಸ್ಯರ ಬಳಿಯೇ ಇರಬೇಕು. ಇಂಗ್ಲೆಂಡಿನಲ್ಲಿ ಅಂಥ ನಿಯಮವಿಲ್ಲ. 2021ರಲ್ಲಿ ಆರು ದೊಡ್ಡ ಕ್ಲಬ್‌ಗಳು ಯುರೋಪಿಯನ್ ಸೂಪರ್ ಲೀಗ್ ಎಂಬ ಪ್ರತ್ಯೇಕ ಟೂರ್ನಿ ಸೇರಲು ಹೊರಟು, ಅಭಿಮಾನಿಗಳು ಬೀದಿಗಿಳಿದ ಮೇಲೆ ಹಿಂದೆ ಸರಿದವು. ಆಗ ಟ್ರೇಸಿ ಕ್ರೌಚ್ ನೇತೃತ್ವದಲ್ಲಿ ನಡೆದ ಪರಿಶೀಲನೆ ಸ್ವತಂತ್ರ ನಿಯಂತ್ರಕ ಸಂಸ್ಥೆಯೊಂದು ಬೇಕೆಂದು ಶಿಫಾರಸು ಮಾಡಿತು. 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಮಸೂದೆ ಕಾಯ್ದೆಯಾಯಿತು. ಅದರ ಪ್ರಕಾರ, ಮಾಲೀಕನಾಗುವವನ ಅರ್ಹತೆಯನ್ನು ನಿಯಂತ್ರಕ ಸಂಸ್ಥೆ ಪರೀಕ್ಷಿಸುತ್ತದೆ. ಮೈದಾನ ಮಾರಲು ಆ ಸಂಸ್ಥೆಯ ಒಪ್ಪಿಗೆ ಬೇಕು, ಲಾಂಛನ ಅಥವಾ ತವರು ಅಂಗಿಯ ಬಣ್ಣ ಬದಲಿಸುವ ಮುನ್ನ ಅಭಿಮಾನಿಗಳನ್ನು ಕೇಳಬೇಕು. ಮ್ಯಾನೇಜರ್ ಯಾರಾಗಬೇಕು, ಆಟಗಾರರಿಗೆ ಎಷ್ಟು ಖರ್ಚು ಮಾಡಬೇಕು, ಕಪ್ ಪಂದ್ಯಕ್ಕೆ ಯಾವ ತಂಡ ಇಳಿಸಬೇಕು ಎಂಬುದೆಲ್ಲ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅವು ಈಗಲೂ ಮಾಲೀಕನ ತೀರ್ಮಾನಗಳೇ.